ಎಡಗಾಲಿನ ಚಪ್ಪಲಿ

ನಮ್ಮೂರಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟವನು ಕಂಡರೆ ಅವನು ಪರವೂರಿನವನೇ ಎಂದು ಕಣ್ಣು ಮುಚ್ಚಿ ಹೇಳಬಹುದು. ನಮ್ಮ ಮದುಮಗಂದಿರು ಕೂಡ ಮುದುಡಿದ ಧೋತರದಲ್ಲೇ ತಾಳಿ ಕಟ್ಟುತ್ತಾರೆ. ಒಮ್ಮೆ ಯಾರೋ ದೊಡ್ಡ ಸಾಹೇಬರು ಬಂದಿದ್ದರು. ಹಾರ ಹಿಡಿದು ಸಾಲಾಗಿ ನಿಂತ ನಮ್ಮವರ ಅಂಗಿಗಳನ್ನು ನೋಡಿ, ಪಾಪ, ಇವರೆಲ್ಲ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬಂದಿರಬೇಕು ಅಂದುಕೊಂಡರಂತೆ. ಇಸ್ತ್ರಿ ಪೆಟ್ಟಿಗೆ ಊರ ಬಾಗಿಲು ದಾಟಿ ಒಳಗೆ ಬರಬಾರದು, ಇದು ನಮ್ಮ ಕಾಯಿದೆ. ಅದಕ್ಕೆ ಕಾರಣ ದುಪ್ಪಟಿ.

ತೊಟ್ಟಿಲಿಗೆ ಹಾಕಿದ ದಿನವೇ ನಮ್ಮಲ್ಲಿ ಪ್ರತಿ ಕೂಸಿಗೂ ಒಂದು ದುಪ್ಪಟಿ ಕೊಡುತ್ತಾರೆ. ರಾತ್ರಿ ಹೊದ್ದುಕೊಳ್ಳುವುದು, ಬೆಳಿಗ್ಗೆ ಎದ್ದು ಮಡಿಸಿ ಹೆಗಲ ಮೇಲೆ ಹಾಕಿಕೊಳ್ಳುವುದು. ಮಡಿಸುವ ರೀತಿ ಒಬ್ಬೊಬ್ಬರದು ಒಂದೊಂದು. ಯಾರೂ ಕಲಿಸುವುದಿಲ್ಲ, ಹಲ್ಲು ಬಂದ ಹಾಗೆ ತಾನಾಗಿ ಕೈಗೆ ಬರುತ್ತದೆ. ನನ್ನದು ಉದ್ದಕ್ಕೆ ಎರಡು ಮಡಿಕೆ ಹಾಕಿ, ತುದಿಯನ್ನು ಎಲೆಯಡಿಕೆ ಕಟ್ಟಿದಂತೆ ಒಳಗೆ ಸಿಕ್ಕಿಸುವ ಮಡಿಕೆ. ನನ್ನ ನೆಗೆಣ್ಣಿ ಬಾಳಕ್ಕನದು ಹೋಳಿಗೆಗೆ ಹೂರಣ ತುಂಬಿದಂತೆ ನಾಲ್ಕು ಮೂಲೆಯನ್ನೂ ನಡುವಿಗೆ ತಂದು ಮುಚ್ಚುವ ಮಡಿಕೆ. ಮಡಿಕೆ ಸರಿಯಾಗಿದ್ದರೆ ನಿಮ್ಮ ಹೆಸರು, ನಿಮ್ಮ ಮನೆ, ಯಾರ ಮೇಲೆ ಯಾಕೆ ಸಿಟ್ಟು ಎಲ್ಲ ನೆನಪಿರುತ್ತದೆ. ಅವಸರದಲ್ಲಿ ಅಡ್ಡಾದಿಡ್ಡಿ ಮಡಿಸಿಕೊಂಡು ಹೊರಟರೆ ಮಧ್ಯಾಹ್ನ ಸ್ವಂತ ಅತ್ತೆಯನ್ನು ನಿಲ್ಲಿಸಿ "ನೀವು ಯಾರ ಪೈಕಿರೀ?" ಎಂದು ಕೇಳುವ ಫಜೀತಿ. ಕೆಲವು ಸೊಸೆಯರು ಬೇಕೆಂದೇ ಹಾಗೆ ಮಾಡುತ್ತಾರೆಂಬ ಮಾತೂ ಉಂಟು, ಆ ಉಸಾಬರಿ ನಮಗೆ ಬೇಡ.

ವಯಸ್ಸಾದ ಮೇಲೆ ಕೆಲವರ ಮಡಿಕೆ ತಪ್ಪುತ್ತದೆ. ಎಷ್ಟು ಬಿಡಿಸಿ ಮಡಿಸಿದರೂ ಮತ್ತೆ ಅದೇ ತಪ್ಪು. ಒಂದು ಮಡಿಕೆ ಪಕ್ಕದ ಮಡಿಕೆಯನ್ನು ಹಿಡಿದೆಳೆಯುತ್ತದೆ, ಅದು ಇನ್ನೊಂದನ್ನು. ಕೊನೆಗೆ ದುಪ್ಪಟಿಯೊಳಗೆ ಕೈಗೆ ಸಿಗುವಂಥ ಗಂಟುಗಳೇ ಏಳುತ್ತವೆ. ಅಲ್ಲಿಗೆ ನಿಂತರೂ ಆಗುತ್ತಿತ್ತು. ತಪ್ಪಿದ ದುಪ್ಪಟಿ ಇನ್ನೊಬ್ಬರ ದುಪ್ಪಟಿಗೆ ತಾಗಿದರೆ ಅದರ ಮೂಲೆಯನ್ನೂ ಜಗ್ಗಿ ತನ್ನ ದಾರಿಗೇ ತರುತ್ತದೆ. ಹಾಗಾಗಿ ನಮ್ಮ ಮನೆಗಳಲ್ಲಿ ದುಪ್ಪಟಿ ತೂಗುವ ಗೂಟಗಳು ಮಾರು ದೂರ ದೂರ. ಇನ್ನೊಬ್ಬರ ದುಪ್ಪಟಿ ಮುಟ್ಟುವುದೆಂದರೆ ಇನ್ನೊಬ್ಬರ ಎಂಜಲು ಗಂಗಾಳಕ್ಕೆ ಕೈ ಹಾಕಿದಂತೆ.

ಮಡಿಕೆ ತಪ್ಪಿದವರಿಗೆಂದೇ ಕೆರೆಯ ದಂಡೆಯಲ್ಲಿ ಒಂದು ಮನೆ ಉಂಟು. ನಾವದನ್ನು ಕೆರೆಮನೆ ಎನ್ನುತ್ತೇವೆ. ಒಳ್ಳೆಯ ಮನೆಯೇ. ಹೊತ್ತು ಹೊತ್ತಿಗೆ ಊಟ, ಹಿತ್ತಲ ತುಂಬ ಪೇರಲ ಗಿಡ, ನೋಡಿಕೊಳ್ಳುವವರೂ ಪ್ರೀತಿಯವರು. ನೋಡಲು ಹೋಗುವುದಕ್ಕೂ ಯಾರ ಅಡ್ಡಿಯಿಲ್ಲ, ಆದರೆ ನಿಮ್ಮ ದುಪ್ಪಟಿಯನ್ನು ಮನೆಯಲ್ಲೇ ಬಿಟ್ಟು ಹೋಗಬೇಕು. ಬಿಟ್ಟು ಹೋದರೆ ಯಾರನ್ನು ನೋಡಲು ಬಂದೆವೆಂಬುದೇ ಮರೆಯುತ್ತದೆ. ಅಪ್ಪನನ್ನು ನೋಡಿ ಬರುತ್ತೇನೆಂದು ಹೊರಟ ಮಗ ಕೆರೆ ಸುತ್ತಿ, ಉಡಿ ತುಂಬ ಪೇರಲಹಣ್ಣು ಕಿತ್ತುಕೊಂಡು, ಸಿಳ್ಳೆ ಹಾಕುತ್ತ ಮನೆಗೆ ಬರುತ್ತಾನೆ. ದುಪ್ಪಟಿ ಹೆಗಲಿಗೇರಿದ ಮೇಲೆ ಅಯ್ಯೋ ಎಂದು ತಲೆ ಚಚ್ಚಿಕೊಳ್ಳುತ್ತಾನೆ. ನಮ್ಮೂರಲ್ಲಿ ಯಾರ ಮನೆ ಮುಂದೆಯಾದರೂ ಪೇರಲಹಣ್ಣಿನ ರಾಶಿ ಕಂಡರೆ ಯಾರೂ ಏನೂ ಕೇಳುವುದಿಲ್ಲ.

ನಾನು ರಾಚವ್ವ. ಬಾಳಕ್ಕ ಹಿರಿಯ ಸೊಸೆ, ನಾನು ಕಿರಿಯವಳು. ನಮ್ಮ ಗಂಡಂದಿರು, ಅಣ್ಣ ತಮ್ಮ ಇಬ್ಬರೂ, ಒಬ್ಬರ ಹಿಂದೊಬ್ಬರು ತೀರಿಹೋದರು, ನಮಗೆ ಖಾನಾವಳಿ ಬಿಟ್ಟುಹೋದರು. ಅವಳು ರೊಟ್ಟಿ ಬಡಿಯುತ್ತಾಳೆ, ನಾನು ಪಲ್ಯ ಮಾಡುತ್ತೇನೆ, ಗಿರಾಕಿಗಳ ಜೊತೆ ಜಗಳವನ್ನೂ ನಾನೇ ಮಾಡುತ್ತೇನೆ. ಮಧ್ಯಾಹ್ನದ ಪಂಕ್ತಿ ಎದ್ದ ಮೇಲೆ ಊಟದ ಜಮಖಾನೆಯನ್ನು ಇಬ್ಬರೂ ಸೇರಿ ಝಾಡಿಸಿ ಮಡಿಸುತ್ತೇವೆ. ಆ ಕಡೆ ಅವಳು, ಈ ಕಡೆ ನಾನು. ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸುವುದು, ಮತ್ತೆ ಹಿಂದೆ ಸರಿಯುವುದು. ನನ್ನ ಮದುವೆಯಾದ ವರ್ಷದಿಂದ ಇದು ನಡೆದಿದೆ. ಮಾತು ಬಿಟ್ಟ ದಿನಗಳಲ್ಲೂ ಜಮಖಾನೆ ಮಡಿಸುವುದನ್ನು ಮಾತ್ರ ಬಿಟ್ಟಿರಲಿಲ್ಲ. ನನ್ನ ತಾಯಿಗಿಂತ ಹೆಚ್ಚು ದಿನ ನಾನು ಬಾಳಕ್ಕನ ಜೊತೆ ಬಾಳಿದ್ದೇನೆ, ಅವಳಿಲ್ಲದ ಅಡುಗೆಮನೆ ನನಗೆ ಗೊತ್ತೇ ಇಲ್ಲ.

ಮೊದಲ ಸೂಚನೆ ಒಂಟೆಯಿಂದ ಬಂತು. ಒಂದು ದಿನ ರೊಟ್ಟಿ ಬಡಿಯುತ್ತ ಬಡಿಯುತ್ತ ಬಾಳಕ್ಕ ಒಬ್ಬಳೇ ನಕ್ಕಳು.

"ಯಾಕ ನಗ್ತೀ ಅಕ್ಕಾ?"

"ನಾವಿಬ್ಬರೂ ಒಂಟೆ ಹತ್ತಿದ್ದು ನೆನಪಾತು ನೋಡು. ಟಪಾಲ ಕಚೇರಿ ಮುಂದ ಅದು ಕುಂತಬಿಟ್ಟಿತ್ತಲ್ಲ, ಏಳವಲ್ಲೆ ಅಂತ! ನಿನ್ನ ಚಪ್ಪಲಿ ಬಿದ್ದಿತ್ತು. ಮಂದಿ ಎಲ್ಲಾ ನಗಲಿಕ್ಕ ಹತ್ತಿದ್ರು."

"ಯಾವ ಒಂಟೆ? ಯಾವಾಗ?"

"ಏ, ಹೋಗ! ಮಾನ ಹೋದದ್ದು ನೀನ ಮರತೀ ಏನ?" ಎಂದು ಅವಳು ಮತ್ತೆ ನಕ್ಕಳು.

ಖರೆ ಸಂಗತಿ ಹೇಳುತ್ತೇನೆ ಕೇಳಿ. ಊರಿಗೆ ಒಂಟೆ ಬಂದದ್ದು ನಿಜ. ನಾವು ಆಗ ಹೊಸ ಸೊಸೆಯರು. ಮಕ್ಕಳನ್ನು ಕೂರಿಸಿಕೊಂಡು ಸುತ್ತು ಹಾಕಿಸುವವನೊಬ್ಬ ಅದನ್ನು ತಂದಿದ್ದ. ಅಡುಗೆಮನೆಯ ಕಿಟಕಿಯಿಂದ ನಮಗೆ ಕಂಡದ್ದು ಅದರ ಕುತ್ತಿಗೆ ಮತ್ತು ಕುತ್ತಿಗೆಗೆ ಕಟ್ಟಿದ ಗೆಜ್ಜೆ, ಅಷ್ಟೇ. ಇಬ್ಬರ ಕೈಯಲ್ಲೂ ಹಿಟ್ಟಿತ್ತು. ಬಾಳಕ್ಕ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಒಳಗೆ ಅತ್ತೆ ಕೆಮ್ಮಿದರು. ಗೆಜ್ಜೆ ಸದ್ದು ದೂರ ಹೋಯಿತು, ನಾವು ರೊಟ್ಟಿ ಬಡಿದೆವು. ಹತ್ತಿದ್ದೂ ಇಲ್ಲ, ಬಿದ್ದದ್ದೂ ಇಲ್ಲ.

ನಾನು ಹಾಗೆಂದು ಹೇಳಿದೆ. ಅವಳು ಸಿಟ್ಟಾದಳು. ನಾನೂ ಸಿಟ್ಟಾದೆ. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಸಂಜೆ ಅವಳು ಸ್ನಾನಕ್ಕೆ ಹೋದಾಗ ಗೂಟದ ಮೇಲಿದ್ದ ದುಪ್ಪಟಿಯನ್ನು ಮುಟ್ಟದೆ ಬಗ್ಗಿ ನೋಡಿದೆ. ನಾಲ್ಕು ಮೂಲೆಯಲ್ಲಿ ಒಂದು ಮೂಲೆ ನಡುವಿಗೆ ಬರದೆ ಹೊರಳಿ ಪಕ್ಕದ ಮೂಲೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು.

ಆಮೇಲೆ ಒಂದರ ಹಿಂದೆ ಒಂದು ಶುರುವಾದವು. ಉಪ್ಪಿನ ಡಬ್ಬಿ ದೇವರ ಗೂಡಿನಲ್ಲಿ, ಕುಂಕುಮದ ಭರಣಿ ಅಡುಗೆಮನೆಯಲ್ಲಿ. ಒಬ್ಬ ಗಿರಾಕಿಗೆ ಕೆಂಪು ಸಾರು ಬಡಿಸಿದೆವು ಎಂದರೆ ಏನಾಗಿತ್ತೆಂದು ನೀವೇ ತಿಳಿದುಕೊಳ್ಳಿ. ಅವನು ಉಂಡು, ಚಲೋ ಐತಿ ಎಂದು ಹೇಳಿ ಹೋದ, ಅವನ ನಾಲಿಗೆಗೆ ನನ್ನ ನಮಸ್ಕಾರ. ಆದರೆ ಖಾನಾವಳಿಯ ಗೋಡೆಗೆ ಕಿವಿ ಜಾಸ್ತಿ. ಮಾತು ಗೌಡಶಾನಿ ನಿಂಬೆವ್ವನವರಿಗೆ ಮುಟ್ಟಿತು.

ಊರಲ್ಲಿ ಯಾರ ಮಡಿಕೆ ಸರಿ, ಯಾರದು ತಪ್ಪಿದೆ ಎಂದು ನೋಡಿ ಹೇಳುವವರು ಅವರೇ. ಕಟುಕಿಯಲ್ಲ, ಆದರೆ ನೆಟ್ಟಗಿನ ಹೆಂಗಸು. ತಮ್ಮ ಗಂಡನನ್ನೇ ಕೆರೆಮನೆಗೆ ಕಳಿಸಿದವರು. ಅವರ ಮನೆಯ ಕಟ್ಟೆಯ ಮೇಲೆ ವಾರಕ್ಕೊಮ್ಮೆ ಪೇರಲಹಣ್ಣಿನ ರಾಶಿ ಇರುತ್ತದೆ. ಅವರು ಬಂದು ಎರಡು ರೊಟ್ಟಿ ಉಂಡು, ಕೈ ತೊಳೆದು ಹೇಳಿದರು. "ಹುಣ್ಣಿಮಿ ಮಾರನೇ ದಿನ ಬರ್ತೀನಿ ರಾಚವ್ವ. ರೂಢಿ ನಿನಗ ಗೊತ್ತೈತಿ. ಹಳೇದು ಒಂದು ಸಂಗತಿ ಬಾಳವ್ವ ಹೇಳಬೇಕು, ಅವತ್ತು ಜೋಡಿ ಇದ್ದವರು ಹೌದು ಅನಬೇಕು. ಇಬ್ಬರ ಮಾತು ಕೂಡಿದ್ರ ಆತು. ಕೂಡಲಿಲ್ಲಂದ್ರ ಕೆರಿಮನಿ. ಗಂಟು ಇದ್ರಂತೂ ಕೇಳೂದೂ ಇಲ್ಲ."

ಬಾಳಕ್ಕನ ಮಗ ಅಡಿವೆಪ್ಪ ಸೈಕಲ್ ಅಂಗಡಿಯವನು. ನೆಟ್ಟು ಬೋಲ್ಟು ಬಿಗಿಯಾದರೆ ಎಣ್ಣೆ ಬಿಡಬೇಕು, ಗಾಲಿ ಸೊಟ್ಟಾದರೆ ಬಡಿದು ನೆಟ್ಟಗೆ ಮಾಡಬೇಕು, ಅವನ ಶಾಸ್ತ್ರವೇ ಅಷ್ಟು. ತಾಯಿಯ ಮೇಲೆ ಜೀವ. ಮೂರು ದಿನ ಯೋಚನೆ ಮಾಡಿ, ಪಕ್ಕದ ಊರಿಗೆ ಹೋಗಿ, ಟೈರಿನೊಳಗೆ ಮುಚ್ಚಿಟ್ಟುಕೊಂಡು ಒಂದು ಕರೆಂಟಿನ ಇಸ್ತ್ರಿ ಪೆಟ್ಟಿಗೆ ತಂದ. ನಾನು ಸಂತೆಗೆ ಹೋದ ಹೊತ್ತು ನೋಡಿ ತಾಯಿಯ ದುಪ್ಪಟಿಯನ್ನು ಹಾಸಿ, ನೀರು ಚಿಮುಕಿಸಿ ಗಂಟುಗಳನ್ನೆಲ್ಲ ಒತ್ತಿ ಒತ್ತಿ ಸಪಾಟು ಮಾಡಿಬಿಟ್ಟ. ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ.

ನಾನು ಬಂದಾಗ ದುಪ್ಪಟಿ ಹೊಸ ಹಂಚಿನ ಹಾಗೆ ಹೊಳೆಯುತ್ತಿತ್ತು. ಅಡಿವೆಪ್ಪನ ಮುಖವೂ ಹೊಳೆಯುತ್ತಿತ್ತು. "ನೋಡ ಚಿಗವ್ವಾ, ಒಂದು ಗಂಟಿಲ್ಲ!" ಎಂದ. ಬಾಳಕ್ಕ ಗೋಡೆಗೊರಗಿ ಕೂತಿದ್ದಳು. ಮಗನನ್ನು ತೋರಿಸಿ ನನ್ನನ್ನು ಕೇಳಿದಳು.

"ಈ ತಮ್ಮ ಯಾರವಾ? ಭಾಳ ಹೊತ್ತಾತು ನಿಂತಾನ. ಊಟಕ್ಕ ಹಾಕು."

ಅಡಿವೆಪ್ಪ ಕೂತು ಹೋ ಎಂದು ಅತ್ತ. ನನಗೆ ಅವನಿಗೆ ನಾಲ್ಕು ಬಾರಿಸಬೇಕೆನ್ನಿಸಿತ್ತು, ಆ ಅಳು ನೋಡಿ ಕೈ ಏಳಲಿಲ್ಲ. ಗಂಟಿನ ಜೊತೆ ಅವಳ ಒಳ್ಳೆಯ ಮಡಿಕೆಗಳೂ ಹೋಗಿದ್ದವು. ದುಪ್ಪಟಿ ಯಾವ ಮಡಿಕೆಗೂ ನಿಲ್ಲದು, ಜಾರಿ ಜಾರಿ ಬೀಳುವುದು. ಅವನಿಗೆ ತಟ್ಟೆ ಹಾಕಿದೆ, ಅವನು ಉಣ್ಣಲಿಲ್ಲ. ಅಷ್ಟರಲ್ಲಿ ಬಾಳಕ್ಕ ಮೆಲ್ಲಗೆ, "ಒಂಟೆ ಮ್ಯಾಲ ಭಾಳ ಸೆಕಿ ಇತ್ತು ಅಲ್ಲ?" ಎಂದಳು. ಇಸ್ತ್ರಿಗೂ ಜಗ್ಗದ ಒಂಟೆ ಅದು.

ನಮ್ಮ ದವಾಖಾನೆಗೆ ಆ ವರ್ಷವಷ್ಟೇ ಒಬ್ಬರು ಡಾಕ್ಟರಬಾಯಿ ಬಂದಿದ್ದರು, ಫರ್ಜಾನಾ ಅಂತ. ಪರವೂರಿನವರು, ಹೆಗಲ ಮೇಲೆ ದುಪ್ಪಟಿ ಇಲ್ಲ. ದುಪ್ಪಟಿಯಿಲ್ಲದೆ ಇಷ್ಟು ದೊಡ್ಡ ಓದು ಹೇಗೆ ಓದಿದರೋ ಎಂದು ನಮಗೆ ಅಚ್ಚರಿ, ಸ್ವಲ್ಪ ಕನಿಕರ ಕೂಡ. ದಿನವೂ ನಮ್ಮಲ್ಲೇ ಊಟ. ಅವತ್ತು ಅವರಿಗೆ ರೊಟ್ಟಿ ಹಾಕುವ ಬದಲು ಬಾಳಕ್ಕನ ದುಪ್ಪಟಿಯನ್ನೇ ಕೋಲಿನಲ್ಲಿ ಎತ್ತಿ ಮುಂದೆ ಹಿಡಿದೆ.

ಅವರು ಬಹಳ ಹೊತ್ತು ನೋಡಿದರು. "ರಾಚವ್ವಾರೇ, ನಿಮ್ಮೂರಿಗೆ ಬಂದಾಗಿನಿಂದ ಹೇಳಬೇಕು ಅಂತಿದ್ದೆ. ನಮ್ಮೂರುಗಳಲ್ಲೂ ಇದೇ ನಡೆಯೋದು. ನಿಮಗೆ ಹೆಗಲ ಮೇಲೆ ಕಾಣ್ತದೆ, ನಮಗೆ ತಲೆಯೊಳಗೆ, ಕಣ್ಣಿಗೆ ಕಾಣಲ್ಲ. ಅಲ್ಲಿ ಸಣ್ಣ ಸಣ್ಣ ಎಳೆಗಳಿರ್ತವೆ, ಪ್ರೋಟೀನ್ ಅಂತೀವಿ. ಪ್ರತಿಯೊಂದೂ ತನ್ನದೇ ರೀತಿಯಲ್ಲಿ ಮಡಿಸಿಕೊಂಡರೇನೇ ಕೆಲಸ."

"ಪ್ರೋಟೀನ್ ಅಂದ್ರ ಬ್ಯಾಳ್ಯಾಗ ಇರೂದಲ್ಲೇನ್ರಿ ಬಾಯಾರ? ಹಂಗಾರ ತಪ್ಪು ನಮ್ಮ ಖಾನಾವಳಿ ಮ್ಯಾಲ ಬಂತಲ್ಲ!"

ಅವರು ನಕ್ಕುಬಿಟ್ಟರು. "ಬೇಳೆಯದು ಹೊಟ್ಟೆಯಲ್ಲಿ ಪುಡಿಯಾಗಿ ಹೋಗ್ತದೆ, ಹೆದರಬೇಡಿ. ಇದು ನಮ್ಮ ಮೈ ತಾನೇ ಮಾಡಿಕೊಳ್ಳೋದು. ಒಂದೊಂದಕ್ಕೂ ಜೊತೆಗಾರರಿರ್ತಾರೆ. ಒಂದು ಇನ್ನೊಂದರ ಕೈ ಹಿಡಿದೇ ಕೆಲಸ ಮಾಡೋದು, ನೀವಿಬ್ಬರೂ ಜಮಖಾನೆ ಮಡಿಸೋ ಹಾಗೆ. ಒಂದು ತಪ್ಪಾಗಿ ಮಡಿಸಿಕೊಂಡರೆ ಹಿಡಿಯಬಾರದ ಕೈಯನ್ನು ಹಿಡೀತದೆ, ಅದನ್ನೂ ತನ್ನ ಹಾಗೇ ಮಾಡ್ತದೆ. ಎರಡು ಹೋಗಿ ನಾಲ್ಕು. ಕೊನೆಗೆ ಗಂಟು. ಮರೆವಿನ ಕಾಯಿಲೆ ಅಂತೀವಲ್ಲ, ಆಲ್ಜೈಮರ್, ಅದರಲ್ಲಿ ನಡೆಯೋದು ಇದೇ."

"ನಮ್ಮ ಹೂಗಾರ ಪರಪ್ಪಗ ಮರವು ಇರಲಿಲ್ಲ, ಕೈ ನಡುಗತಿದ್ವು. ಅವನ ದುಪ್ಪಟಿ ಅಂಚಿನಿಂದ ತಪ್ಪಿತ್ತು."

"ಅದಕ್ಕೆ ಪಾರ್ಕಿನ್ಸನ್ ಅಂತೀವಿ. ಅಲ್ಲಿ ತಪ್ಪೋ ಎಳೆ ಬೇರೆ, ಜಾಗ ಬೇರೆ, ಚಾಳಿ ಮಾತ್ರ ಒಂದೇ. ಕೆಲವರ ತಲೆಯಲ್ಲಿ ಎರಡು ಜಾತಿಯವೂ ಒಂದಕ್ಕೊಂದು ಕುಮ್ಮಕ್ಕು ಕೊಟ್ಟುಕೊಳ್ತಾವೆ. ಒಂದು ಸಮಾಧಾನ ಅಂದರೆ ನಮ್ಮಲ್ಲಿ ಅದು ಒಬ್ಬರ ತಲೆಯೊಳಗೇ ಹರಡ್ತದೆ. ಜೊತೆಗಿದ್ದವರಿಗೆ, ಮುಟ್ಟಿದವರಿಗೆ ಅಂಟೋದಿಲ್ಲ. ನಿಮ್ಮದು ಅಂಟ್ತದೆ."

"ಗಂಟು ತೆಗದ್ವಲ್ಲ, ಮತ್ತ್ಯಾಕ ನೆನಪು ಬರಲಿಲ್ಲ?" ಎಂದು ಅಡಿವೆಪ್ಪ ಕೇಳಿದ. ಅವನ ಕಣ್ಣು ಇನ್ನೂ ಕೆಂಪಾಗಿದ್ದವು.

ಡಾಕ್ಟರಬಾಯಿ ಅವನಿಗೆ ಮೆತ್ತಗೆ ಹೇಳಿದರು. "ಇಸ್ತ್ರಿ ಬೇಡಾಗಿತ್ತು ಅಡಿವೆಪ್ಪ. ಆದರೆ ಗಂಟು ಕಾಣೋ ಹೊತ್ತಿಗೆ ಬಹಳ ದಿನದ ಕೇಡು ಆಗಿಹೋಗಿರ್ತದೆ. ಗಂಟಾಗೋದಕ್ಕೂ ಮುಂಚೆ ನಾಲ್ಕಾರು ಎಳೆ ಕದ್ದು ಕೈ ಹಿಡಿದಿರ್ತಾವಲ್ಲ, ಆ ಸಣ್ಣ ಗುಂಪುಗಳದ್ದೇ ಹೆಚ್ಚು ಕಿತಾಪತಿ ಅಂತ ಬಹಳ ಜನ ಹೇಳ್ತಾರೆ. ನಮ್ಮಲ್ಲೂ ಗಂಟು ಕರಗಿಸೋ ಔಷಧಿ ಬಂದಿದೆ. ಕೆಲವರಿಗೆ ಇಳಿಜಾರು ಸ್ವಲ್ಪ ನಿಧಾನ ಆಗ್ತದೆ. ಹೋದದ್ದು ವಾಪಸ್ ಬರಲ್ಲ."

"ಹಂಗಾರ ದಾರೀನ ಇಲ್ಲೇನ್ರಿ?"

"ಮೈಯೊಳಗೆ ಇನ್ನೊಂದು ಜಾತಿ ಪ್ರೋಟೀನ್ ಇದೆ. ಬೇರೆಯವು ಮಡಿಸಿಕೊಳ್ಳುವಾಗ ಪಕ್ಕದಲ್ಲಿ ಹಿಡಿದುಕೊಂಡು ನಿಲ್ತಾವೆ. ಕಂಡ ಕಂಡ ಕೈ ಹಿಡಿಯದ ಹಾಗೆ ಕಾಯ್ತಾವೆ, ಸರಿಯಾಗಿ ಮಡಿಸಿಕೊಂಡ ಮೇಲೆ ಬಿಟ್ಟುಬಿಡ್ತಾವೆ. ವಯಸ್ಸಾದ ಹಾಗೆ ಪಾಪ ಅವಕ್ಕೂ ಸುಸ್ತು."

ಅವರು ಹೇಳಿದ್ದರಲ್ಲಿ ನನಗೆ ಪೂರ್ತಿ ತಿಳಿದದ್ದು ಇದೊಂದೇ. ಹಿಡಿದುಕೊಂಡು ನಿಲ್ಲಬೇಕು, ಅಷ್ಟೇ ತಾನೆ? ಅದನ್ನೇ ಅಲ್ಲವೇ ಜನ್ಮವಿಡೀ ಮಾಡಿದ್ದು? ಆದರೆ ಡಾಕ್ಟರಬಾಯಿ ನನ್ನ ಮುಖ ನೋಡಿಯೇ ಎಚ್ಚರಿಸಿದರು. "ನಿಮ್ಮ ದುಪ್ಪಟಿ ಅವರದಕ್ಕೆ ತಾಗಿಸಬೇಡಿ ರಾಚವ್ವಾರೇ. ನಿಮ್ಮದೂ ತಪ್ಪಬಹುದು." ಆಯಿತೆಂದು ತಲೆಯಾಡಿಸಿದೆ. ನಾನು ತಲೆಯಾಡಿಸಿದರೆ ಹೌದೆಂದು ಅರ್ಥವಲ್ಲವೆಂದು ಅವರಿಗೆ ಇನ್ನೂ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಬಾಳಕ್ಕನ ದುಪ್ಪಟಿಯ ಎರಡು ಮೂಲೆ ಅವಳ ಕೈಗೆ ಕೊಟ್ಟೆ, ಎರಡು ನಾನು ಹಿಡಿದೆ. ಇನ್ನೊಬ್ಬರ ದುಪ್ಪಟಿ ಬರಿಗೈಯಲ್ಲಿ ಹಿಡಿದದ್ದು ಅದೇ ಮೊದಲು. ಅವಳಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಆದರೆ ಬಟ್ಟೆ ಬಿಗಿಯಾದ ಕೂಡಲೇ ಅವಳ ಕಾಲು ತಾನಾಗಿ ಮುಂದೆ ಬಂತು. ಜಮಖಾನೆಗೆ ಬರುತ್ತಿದ್ದ ಹಾಗೆಯೇ, ಬಲಗಾಲು ಮೊದಲು. ಮೂಲೆಗೆ ಮೂಲೆ ಕೂಡಿತು. ಅವಳ ಬೆರಳು ನನ್ನ ಬೆರಳಿಗೆ ತಾಗಿ ಅವಳು ತಲೆಯೆತ್ತಿ, "ಏ, ನೀನಽ?" ಎಂದಳು. ನಾನು ಅತ್ತುಬಿಟ್ಟೆ. ನಾಚಿಕೆಯಿಲ್ಲದೆ ಅತ್ತೆ.

ಆದರೆ ಮಡಿಕೆ ನಿಲ್ಲಲಿಲ್ಲ. ಇಸ್ತ್ರಿ ಬಿದ್ದ ಬಟ್ಟೆ, ಬಿಟ್ಟ ಕೂಡಲೇ ಬಿಚ್ಚಿಕೊಂಡಿತು, ಅವಳ ಮುಖವೂ ಮತ್ತೆ ಅಪರಿಚಿತವಾಯಿತು. ಅದಕ್ಕೆ ಹಿಡಿದುಕೊಳ್ಳಲು ಒಳಗೊಂದು ಆಸರೆ ಬೇಕಿತ್ತು. ನನ್ನ ಹೆಗಲ ಮೇಲೆ ಒಂದಿತ್ತು. ಗೂಟದ ಕಡೆ ನೋಡಿದೆ, ಬಾಗಿಲ ಕಡೆ ನೋಡಿದೆ. ಹೆದರಿಕೆಯಾಗಲಿಲ್ಲವೆಂದರೆ ಸುಳ್ಳು. ನನ್ನ ತಾಯಿಯ ಮುಖ, ನನ್ನ ಗಂಡನ ದನಿ, ಪಲ್ಯದ ಅಳತೆ, ಎಲ್ಲ ಆ ಬಟ್ಟೆಯಲ್ಲೇ ಇತ್ತು. ಹೋದರೆ ಹೋಗಲಿ, ಎಲ್ಲಿಗೆ ಹೋಗುತ್ತದೆ, ಪಕ್ಕದ ದುಪ್ಪಟಿಗೆ ತಾನೆ ಅಂದುಕೊಂಡೆ. ನನ್ನದನ್ನು ಅವಳದರ ಮೇಲೆ ಹಾಸಿ, ಎರಡನ್ನೂ ಕೂಡಿಸಿ, ಇಬ್ಬರೂ ನಡೆದು ನಡೆದು ಮಡಿಸಿದೆವು. ಈ ಸಲ ನಿಂತಿತು.

ಹುಣ್ಣಿಮೆಯವರೆಗೆ ಹಾಗೆಯೇ ನಡೆಸಿದೆವು, ಒಂದೇ ಮಡಿಕೆ ಇಬ್ಬರ ಹೆಗಲಿಗೂ. ಬಾಳಕ್ಕ ಮತ್ತೆ ರೊಟ್ಟಿ ಬಡಿದಳು. ಕೆಲವು ರೊಟ್ಟಿ ಊರಿನ ನಕಾಶೆಯಂತೆ ಸೊಟ್ಟಂಬಟ್ಟ, ಆದರೂ ರೊಟ್ಟಿಯೇ. ಅಡಿವೆಪ್ಪನನ್ನು ಒಮ್ಮೆ ಮಗನೆಂದಳು, ಒಮ್ಮೆ ಮೈದುನನೆಂದಳು, ಅವನು ಎರಡಕ್ಕೂ "ಹೂಂ ಯವ್ವಾ" ಎಂದ. ಒಂದು ದಿನ ಹುಣಸೆಹಣ್ಣು ನೆನೆಹಾಕುತ್ತ, "ನಮ್ಮವ್ವ ನನಗ ಹುಣಸಿಹಣ್ಣು ಕದ್ದದ್ದಕ್ಕ ಬಾರಕೋಲ ತಗೊಂಡು ಅಟ್ಟಿಸಿಕೊಂಡ ಬಂದಿದ್ಲು" ಎಂದಳು. ಅಟ್ಟಿಸಿಕೊಂಡು ಬಂದದ್ದು ನನ್ನವ್ವ, ಓಡಿದವಳು ನಾನು. ನನ್ನ ಕಾಲಿನ ಗಾಯದ ಕಲೆ ಇನ್ನೂ ಇದೆ. "ಹೌದಕ್ಕಾ, ಭಾಳ ಓಡಿಸಿದ್ಲು" ಎಂದೆ. ಅವ್ವನನ್ನು ನೆನೆಯುವವರು ಇಬ್ಬರಾದರು ಅಂತ ನನಗೆ ಖುಷಿಯೇ ಆಯಿತು.

ತಪಾಸಣೆಗೆಂದು ಅವಳಿಗೆ ಪಾಠ ಮಾಡಿಸಿದೆ. ಅಡಿವೆಪ್ಪನ ಹೆಸರಿಟ್ಟ ದಿನದ ಸಂಗತಿ, ಸರಳ, ಊರಿಗೆಲ್ಲ ಗೊತ್ತಿದ್ದದ್ದು. ಕೂಸಿನ ಕಿವಿಯಲ್ಲಿ ಹೆಸರು ಹೇಳುವಾಗ ಸೋದರತ್ತೆ ಸೀನಿದ್ದು. ದಿನಕ್ಕೆ ಹತ್ತು ಸಲ ಹೇಳಿಸಿದೆ. "ಒಂಟೆ ಸುದ್ದಿ ಮಾತ್ರ ತಗೀಬ್ಯಾಡ, ನಿನ್ನ ಕಾಲ ಬೀಳ್ತೀನಿ" ಎಂದೆ. "ನಾ ಯಾಕ ತಗೀಲಿ, ನಿನ್ನ ಮಾನ ಹೋಗೂ ಸುದ್ದಿ" ಎಂದು ಅವಳು ಕೈ ಮೇಲೆ ಕೈ ಇಟ್ಟು ಆಣೆ ಮಾಡಿದಳು.

ಗೌಡಶಾನಿ ಮಧ್ಯಾಹ್ನದ ಪಂಕ್ತಿ ಎದ್ದ ಮೇಲೆ ಬಂದರು. ಉಂಡವರು ಯಾರೂ ಮನೆಗೆ ಹೋಗಿರಲಿಲ್ಲ, ಕೈ ತೊಳೆಯುವ ನೆಪದಲ್ಲಿ ಬಾಗಿಲ ತುಂಬ ನಿಂತಿದ್ದರು. ಡಾಕ್ಟರಬಾಯಿ ಮೂಲೆಯಲ್ಲಿ ಮಜ್ಜಿಗೆ ಹಿಡಿದು ಕೂತಿದ್ದರು. ನಾನು ಮಡಿಸಿದ ದುಪ್ಪಟಿಯನ್ನು ಗೌಡಶಾನಿಯವರ ಮುಂದಿಟ್ಟೆ. ಅವರು ಕೋಲಿನ ತುದಿಯಿಂದ ಒತ್ತಿ ನೋಡಿದರು. ಗಂಟಿರಲಿಲ್ಲ. ಅಂಚು ಮಾತ್ರ ಎರಡು ಬಣ್ಣದ್ದು.

"ಇವು ಎರಡದಾವಲ್ಲ ರಾಚವ್ವ?"

"ಹೌದ್ರಿ ಅವ್ವಾರ."

"ನಿಂದು ಹಾಳಾಗತೈತಿ ಅಂತ ಗೊತ್ತಿಲ್ಲೇನು?"

"ಗೊತ್ತೈತ್ರಿ."

ಬಾಗಿಲಲ್ಲಿದ್ದವರು ಒಂದು ಹೆಜ್ಜೆ ಹಿಂದೆ ಸರಿದರು. ಗೌಡಶಾನಿ ಬಾಳಕ್ಕನ ಕಡೆ ತಿರುಗಿ, "ಬಾಳವ್ವ, ಹಳೇದು ಒಂದು ಸಂಗತಿ ಹೇಳು" ಎಂದರು.

ಬಾಳಕ್ಕ ನನ್ನ ಮುಖ ನೋಡಿದಳು. ನಾನು ಕಣ್ಣಿನಲ್ಲೇ ತೊಟ್ಟಿಲು ತೂಗಿ ತೋರಿಸಿದೆ. ಸೋದರತ್ತೆಯ ಹಾಗೆ ಮೂಗು ಕೂಡ ತಿಕ್ಕಿದೆ. ಅವಳ ಮುಖ ಅರಳಿತು. "ಹಾಂ!" ಎಂದಳು. "ನಾನು, ಈಕಿ, ಇಬ್ಬರೂ ಒಂಟೆ ಹತ್ತಿದ್ವಿರಿ."

ಅಡಿವೆಪ್ಪ ತಲೆಯ ಮೇಲೆ ಕೈ ಹೊತ್ತು ಕುಸಿದ. ಬಾಗಿಲಲ್ಲಿ ಯಾರೋ ಕಿಸಕ್ಕೆಂದರು. ಬಾಳಕ್ಕ ನಿಲ್ಲಿಸಲಿಲ್ಲ. ಟಪಾಲು ಕಚೇರಿ, ಕೂತುಬಿಟ್ಟ ಒಂಟೆ, ಒಂಟೆಯವನು ಅದರ ಬಾಲ ತಿರುವಿದ್ದು, ನನ್ನ ಚಪ್ಪಲಿ ಬಿದ್ದದ್ದು, ಎಲ್ಲ ಹೇಳಿದಳು. ಹೊಟ್ಟೆ ಹಿಡಿದುಕೊಂಡು ನಗುತ್ತ ಹೇಳಿದಳು. ಗೌಡಶಾನಿಯವರ ಮುಖದಲ್ಲಿ ನಗು ಇರಲಿಲ್ಲ. ಅವರೂ ಆ ಕಾಲದ ಹೆಂಗಸೇ. ಸೊಸೆಯಂದಿರು ಒಂಟೆ ಹತ್ತಿದ್ದರೆ ಊರು ಹತ್ತು ವರ್ಷ ಅದನ್ನೇ ಆಡಿಕೊಳ್ಳುತ್ತಿತ್ತು ಎಂದು ಅವರಿಗೆ ಗೊತ್ತಿಲ್ಲವೇ?

"ರಾಚವ್ವ," ಎಂದರು. "ಖರೇನು?"

ಇಲ್ಲ ಎಂದರೆ ಕೆರೆಮನೆ. ಹಾಗಾಗಿ ಸುಳ್ಳು ಹೇಳೋಣವೆಂದೇ ಬಾಯಿ ತೆರೆದೆ. ಅನ್ನ ನೀಡುವ ಕೈಯಿಂದ ನನ್ನ ಗಲ್ಲ ಮುಟ್ಟಿಕೊಂಡು ಹೇಳುತ್ತೇನೆ, ಸುಳ್ಳು ಹೇಳಲೆಂದೇ ತೆರೆದೆ. ಆದರೆ ತೆರೆದ ಬಾಯಿಗೆ ಬಂದದ್ದು ಬಿಸಿಲಿನ ವಾಸನೆ. ಕೆಳಗೆ ಒರಟು ಕೂದಲು ತೊಡೆಗೆ ಚುಚ್ಚಿತು. ಬಾಳಕ್ಕ ಹಿಂದಿನಿಂದ ನನ್ನ ನಡು ಗಟ್ಟಿಯಾಗಿ ಹಿಡಿದಿದ್ದಳು, ಅವಳ ಕೈಯ ಹಿಟ್ಟು ನನ್ನ ಸೀರೆಗೆ ಹತ್ತಿತ್ತು. ಗೆಜ್ಜೆ ಕಿವಿಯ ಹತ್ತಿರವೇ ಸದ್ದು ಮಾಡಿತು. ಅಷ್ಟೆತ್ತರದಿಂದ ನಮ್ಮ ಅಡುಗೆಮನೆಯ ಕಿಟಕಿ ಕಂಡಿತು, ಎಷ್ಟು ಸಣ್ಣದು! ಒಂಟೆ ಮುಗ್ಗರಿಸಿ ಕೂತಿತು, ನನ್ನ ಕಾಲು ಹಗುರಾಯಿತು.

"ಖರೇರಿ ಅವ್ವಾರ" ಎಂದೆ.

ಗೌಡಶಾನಿ ನನ್ನನ್ನು ದಿಟ್ಟಿಸಿ ನೋಡಿದರು. ಕೋಲನ್ನು ನೆಲಕ್ಕೂರಿ ಕೇಳಿದರು. "ಯಾವ ಕಾಲಿನ ಚಪ್ಪಲಿ ಬಿತ್ತು?"

ಅದನ್ನು ಬಾಳಕ್ಕ ನನಗೆಂದೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

"ಎಡಗಾಲಿಂದು" ಎಂದೆವು, ಇಬ್ಬರೂ ಒಂದೇ ಉಸಿರಿಗೆ.

ಡಾಕ್ಟರಬಾಯಿಯ ಮಜ್ಜಿಗೆ ಸೀರೆಯ ಮೇಲೆ ಚೆಲ್ಲಿತ್ತು, ಅವರಿಗೆ ಗೊತ್ತಾಗಿರಲಿಲ್ಲ. ಗೌಡಶಾನಿ ಬಹಳ ಹೊತ್ತು ಎರಡು ಬಣ್ಣದ ಅಂಚನ್ನೇ ನೋಡುತ್ತ ಕೂತರು. "ಇಬ್ಬರ ಮಾತು ಕೂಡೈತಿ. ಬಾಳವ್ವ ಇಲ್ಲೇ ಇರಲಿ" ಎಂದು ಎದ್ದರು. ಬಾಗಿಲ ತನಕ ಹೋದವರು ನಿಂತು, ನನ್ನ ಕಡೆ ತಿರುಗದೆಯೇ ಹೇಳಿದರು. "ನಮ್ಮ ಮನಿಯವರದು ಅಡ್ಡ ಮಡಿಕಿ. ಮಡಸೂಮುಂದ ಇನ್ನೊಬ್ಬರು ಹಿಡದ್ರ ಅವರಿಗೆ ಸೇರತಿತ್ತು. ನಾಳೆ ನಾನು ದುಪ್ಪಟಿ ಹೆಗಲಿಗೆ ಹಾಕ್ಕೊಂಡ ಕೆರಿಮನಿಗೆ ಹೋಗಾಕಿ." ಹೇಳಿದಂತೆ ಹೋದರು. ಈಗ ಅವರ ಕಟ್ಟೆಯ ಮೇಲೆ ಪೇರಲಹಣ್ಣು ಕಾಣುವುದಿಲ್ಲ.

ನನ್ನ ಮಡಿಕೆ ಈಗೀಗ ಎಲೆಯಡಿಕೆಯ ಹಾಗೆ ಬರುವುದಿಲ್ಲ. ಮೂಲೆಗಳು ನಡುವಿಗೆ ಹೋಗುತ್ತವೆ, ಹೋಳಿಗೆಯ ಹಾಗೆ. ಅಡಿವೆಪ್ಪನನ್ನು ನಾನೂ ಒಮ್ಮೊಮ್ಮೆ ಮೈದುನನೆಂದು ಕರೆಯುತ್ತೇನಂತೆ, ಅವನು ಹೂಂ ಎನ್ನುತ್ತಾನಂತೆ. ಮೊನ್ನೆ ಡಾಕ್ಟರಬಾಯಿ ಬಂದು ನನ್ನ ದುಪ್ಪಟಿ ನೋಡಿ ನನ್ನ ಕೈ ಹಿಡಿದುಕೊಂಡು ಕೂತಿದ್ದರು. ನಾನೇ ಅವರಿಗೆ ಸಮಾಧಾನ ಹೇಳಿ ಎರಡು ರೊಟ್ಟಿ ಜಾಸ್ತಿ ಹಾಕಿದೆ. ಅಡುಗೆಮನೆಯ ಕಿಟಕಿಯಲ್ಲಿ ನಿಂತು ಒಂಟೆಯ ಕುತ್ತಿಗೆ ನೋಡಿದೆವೆಂದು ಈಗಷ್ಟೇ ನಿಮಗೆ ಹೇಳಿದೆನಲ್ಲ, ಅದನ್ನು ಯಾರೋ ಹೇಳಿ ಕೇಳಿದ ಹಾಗಿದೆ. ಹತ್ತಿದ್ದು ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಸಂತೆಗೆ ಹೋದಾಗ ಟಪಾಲು ಕಚೇರಿ ಮುಂದೆ ನಾವಿಬ್ಬರೂ ನಿಲ್ಲುತ್ತೇವೆ. ಬಾಳಕ್ಕ ಆ ಕಡೆ ಹುಡುಕುತ್ತಾಳೆ, ನಾನು ಈ ಕಡೆ. ಕೆಂಪು ಪಟ್ಟಿಯದು, ಹೆಬ್ಬೆರಳಿನ ಹತ್ತಿರ ಒಂದು ಹೊಲಿಗೆ ಬಿಟ್ಟಿದೆ, ಎಡಗಾಲಿನದು. ಯಾರಿಗಾದರೂ ಸಿಕ್ಕರೆ ಖಾನಾವಳಿಗೆ ತಂದುಕೊಡಿ. ನಾವು ಮರೆತಿದ್ದರೆ ನೀವೇ ನೆನಪು ಮಾಡಿ ಒಂದು ಊಟ ಮಾಡಿಕೊಂಡು ಹೋಗಿ.